ಲೊಕೇಶನ್ ಕಳಿಸಲ್ಲ, ಜನರನ್ನ ತೋರಿಸ್ತೀನಿ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು. "ಮೇಡಂ, ಬೀದರ್‌ನಲ್ಲಿ ಹ್ಯಾರಿಯರ್ ಎಲ್ಲಿ ಇಳಿಯುತ್ತೆ, ಲೊಕೇಶನ್ ಕಳಿಸಿ." ಹ್ಯಾರಿಯರ್ ಅಂದರೆ ಚಳಿಗಾಲಕ್ಕೆ ನಮ್ಮ ಬಯಲಿಗೆ ಬರುವ ಒಂದು ಬೇಟೆ ಹಕ್ಕಿ. ಕೆಲವರು ನಮಸ್ಕಾರದಿಂದ ಶುರು ಮಾಡುತ್ತಾರೆ. ಕೆಲವರಿಗೆ ಅದಕ್ಕೂ ಪುರುಸೊತ್ತಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆ, ಎಲ್ಲ ಕಡೆಯವರೂ ಇರುತ್ತಾರೆ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್. ರಜೆ ಸಿಕ್ಕಾಗ ಹಕ್ಕಿ ನೋಡೋದು ನನ್ನ ಹುಚ್ಚು, ಅಷ್ಟೆ. ಗೈಡ್ ಏನಲ್ಲ. ಆದರೆ ನಮ್ಮ ಕಡೆ ಬೈನಾಕ್ಯುಲರ್ ಹಿಡಿದು ತಿರುಗುವವರೇ ಕಡಿಮೆ. ಹಾಗಾಗಿ ಹೊರಗಿನವರ ಮೆಸೇಜು ಎಲ್ಲಿಂದ ಹೊರಟರೂ ಸುತ್ತಿ ಬಳಸಿ ನಮ್ಮ ನಾಲ್ಕಾರು ಜನರ ಹತ್ತಿರವೇ ಬಂದು ನಿಲ್ಲುತ್ತೆ.

ನಾನು ಲೊಕೇಶನ್ ಕಳಿಸಲ್ಲ. ಯಾರ ಜೊತೆ ಹೋಗಬೇಕು ಅನ್ನೋದನ್ನ ಹೇಳುತ್ತೇನೆ. ಅವರನ್ನ ಕೇಳಿ, ಅವರು ಹೂಂ ಅಂದರೆ ನಂಬರ್ ಕೊಡುತ್ತೇನೆ. ಇದಕ್ಕೆ ಸಿಟ್ಟಾದವರೂ ಇದ್ದಾರೆ. "ಹಕ್ಕಿ ಏನು ನಿಮ್ಮಪ್ಪನ ಆಸ್ತಿನಾ?" ಅಂತ ಒಬ್ಬರು ಕೇಳಿದ್ದರು. ಹಕ್ಕಿ ಯಾರ ಆಸ್ತಿಯೂ ಅಲ್ಲ, ನಿಜ. ಆದರೆ ಅದು ಇಳಿಯುವ ಜಾಗ ಯಾರೋ ಒಬ್ಬರ ಅಪ್ಪನ ಆಸ್ತಿಯೇ. ನಮ್ಮ ಬಯಲಿಗೆ ಬರುವವರು ಮೊದಲು ತಿಳ್ಕೊಬೇಕಾದ್ದು ಇದನ್ನ.

ರಂಗನತಿಟ್ಟಿಗೆ ಹೋದರೆ ಗೇಟ್ ಇದೆ. ಟಿಕೆಟ್ ಇದೆ, ದೋಣಿ ಇದೆ, ದೋಣಿ ನಡೆಸುವವರೇ ಹಕ್ಕಿ ಹೆಸರು ಹೇಳುತ್ತಾರೆ. ಹುಲ್ಲುಗಾವಲಿಗೆ ಗೇಟೇ ಇಲ್ಲ. ಬೀದರ್ ಸುತ್ತ ಕೆಂಪು ಮುರಂ ಭೂಮಿ. ಅದರ ಮೇಲೆ ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಬಾರಿ (ಬೋರೆ) ಗಿಡ, ಜಾಲಿ. ಒಂದು ತುಂಡು ಅರಣ್ಯ ಇಲಾಖೆಯದು. ಪಕ್ಕದ್ದು ಊರ ದನ ಮೇಯುವ ಗಾಯರಾಣ. ಅದರಾಚೆಯದು ಯಾರೋ ಬೀಳು ಬಿಟ್ಟ ಪಟ್ಟಾ ಜಮೀನು. ನಡುವೆ ಬೇಲಿಯೂ ಇಲ್ಲ, ಬೋರ್ಡೂ ಇಲ್ಲ. ಕಾರಿನಲ್ಲಿ ಬಂದವರಿಗೆ ಎಲ್ಲಾ ಒಂದೇ ಬಯಲು. ಸರ್ಕಾರಿ ಲೆಕ್ಕದಲ್ಲೂ ಇಂಥ ಎಷ್ಟೋ ಜಾಗ ಸುಮ್ನೆ ಪಾಳು ಭೂಮಿ. ಅಲ್ಲಿ ಸಸಿ ನೆಟ್ಟರೆ ಪುಣ್ಯ, ಸೋಲಾರ್ ಪ್ಲೇಟ್ ಹಾಕಿದರೆ ಅಭಿವೃದ್ಧಿ ಅನ್ನೋ ಹಾಗೆ. ಅಲ್ಲಿ ಮೊಟ್ಟೆ ಇಟ್ಟಿರುವ ನೆಲಗುಬ್ಬಿಗಳ ಲೆಕ್ಕ ಇಟ್ಟವರು ಯಾರೂ ಇಲ್ಲ.

ಎಲ್ಲಿ ನಿಲ್ಲಬಾರದು ಅನ್ನೋದು ಕೂಡ ಸ್ಥಳೀಯರಿಗೇ ಗೊತ್ತಿರುತ್ತೆ. ಬೀದರ್‌ನಲ್ಲಿ ವಾಯುಪಡೆಯ ನಿಲ್ದಾಣ ಇದೆ, ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯೂ ಅಲ್ಲೇ. ಅದರ ಕಾಂಪೌಂಡ್ ಪಕ್ಕ ಮಾರುದ್ದದ ಲೆನ್ಸ್ ಹಿಡಿದು ನಿಂತರೆ ಮೊದಲು ಬರೋದು ಹಕ್ಕಿ ಅಲ್ಲ, ಜೀಪು. ಚಿಂಚೋಳಿ ಕಾಡಿನ ಮಾತು ಬೇರೆ. ಅದು 2011ರಲ್ಲಿ ವನ್ಯಜೀವಿ ಧಾಮ ಆಯಿತು, ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಅಲ್ಲಿ ರೇಂಜ್ ಆಫೀಸಿನಲ್ಲಿ ಕೇಳಿಯೇ ಒಳಗೆ ಹೋಗಬೇಕು. ಹಾಗೆ ಕೇಳಿ ಹೋದರೆ ಜೊತೆಗೆ ಬರುವ ಇಲಾಖೆಯ ವಾಚರ್‌ಗೆ ಚಂದ್ರಂಪಳ್ಳಿ ಡ್ಯಾಮಿನ ಯಾವ ಮೂಲೆಯಲ್ಲಿ ಏನು ಸಿಗುತ್ತೆ ಅಂತ ಗೊತ್ತಿರುತ್ತೆ. ಕೇಳದೆ ಹೋದರೆ ಅದೇ ವಾಚರ್ ನಿಮ್ಮನ್ನ ವಾಪಸ್ ಕಳಿಸುತ್ತಾರೆ.

ಹಾಗಾದರೆ ನಮ್ಮ ಕಡೆಯ ಹಕ್ಕಿ ನೋಡುವವರು ಸಿಗೋದು ಎಲ್ಲಿ? ಹಕ್ಕಿ ನೋಡಿದವರು ತಮ್ಮ ಪಟ್ಟಿ ಹಾಕುವ ಇ-ಬರ್ಡ್ ವೆಬ್‌ಸೈಟ್ ತೆರೆಯಿರಿ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳ ಪುಟ ಬೇರೆ ಬೇರೆ ಇದೆ. ಈಚಿನ ಪಟ್ಟಿಗಳನ್ನ ನೋಡಿದರೆ ಅದೇ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಬೇಸಿಗೆ, ಮಳೆಗಾಲ ಅನ್ನದೆ ಪಟ್ಟಿ ಹಾಕಿದವರು ಸ್ಥಳೀಯರು. ಡಿಸೆಂಬರ್‌ನ ಒಂದು ವಾರಾಂತ್ಯದಲ್ಲಿ ಮಾತ್ರ ಕಾಣಿಸಿಕೊಂಡವರು ನಿಮ್ಮ ಹಾಗೆಯೇ ಬಂದು ಹೋದವರು. ಈ ವ್ಯತ್ಯಾಸ ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ. ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅಂತ ನಾಲ್ಕು ದಿನದ ಹಕ್ಕಿ ಎಣಿಕೆ ಇರುತ್ತೆ. ಭಾರತದಲ್ಲಿ ಅದು 2013ರಿಂದ ನಡೀತಾ ಇದೆ. ಆ ದಿನಗಳಲ್ಲಿ ನಮ್ಮ ಕಾಲೇಜು ಹುಡುಗರು, ಪ್ರಾಣಿಶಾಸ್ತ್ರದ ಮೇಷ್ಟ್ರುಗಳು ಎಲ್ಲ ಹೊರಗೆ ಬಿದ್ದಿರುತ್ತಾರೆ. ಹೊಸಬರು ಪರಿಚಯ ಮಾಡಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೂ ಯಾರದಾದರೂ ಹೆಸರು ಸಿಗುತ್ತೆ. ಒಂದು ಮಾತು ನೆನಪಿರಲಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಎರಡು ಗಂಟೆಗೆ ಬಂದು ಬಾಗಿಲು ಬಡಿದು ಪ್ರಯೋಜನ ಇಲ್ಲ.

ಮೆಸೇಜು ಬರೆಯೋದು ದೊಡ್ಡ ವಿದ್ಯೆ ಏನಲ್ಲ. ನೀವು ಯಾರು, ಯಾವಾಗ ಬರ್ತೀರಿ, ಎಷ್ಟು ಜನ, ಗಾಡಿ ನಿಮ್ಮದಾ, ಏನು ನೋಡುವ ಆಸೆ. ಇಷ್ಟು ಸಾಕು. ಎಷ್ಟು ಜನ ಅನ್ನೋದು ಮುಖ್ಯ. ಇಬ್ಬರು ಬಂದರೆ ಒಬ್ಬ ಕುರಿಗಾಹಿಯ ಪಕ್ಕ ಕೂರಬಹುದು. ಎರಡು ಇನ್ನೋವಾ ತುಂಬ ಬಂದರೆ ಜಾತ್ರೆ. ನಾನಾದರೆ ಎರಡನೆಯವರಿಗೆ ಬೀದರ್ ಕೋಟೆ ನೋಡ್ಕೊಂಡು ಹೋಗಿ ಅನ್ನುತ್ತೇನೆ. ಕೋಟೆಯೂ ಚೆನ್ನಾಗಿದೆ, ಅಲ್ಲಿ ಹಕ್ಕಿಗಳೂ ಇವೆ.

ಆದರೆ ನಮ್ಮಂಥ ಪಟ್ಟಣದ ಹಕ್ಕಿಪ್ರಿಯರು ಬರೀ ಮಧ್ಯದವರು. ನಿಜವಾಗಿ ಬಯಲು ಗೊತ್ತಿರೋದು ಕುರಿ ಕಾಯುವವರಿಗೆ. ಇದನ್ನ ನಯ ವಿನಯಕ್ಕೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದು ಹೇಳುತ್ತಿದ್ದೇನೆ.

ಬೀದರ್‌ನಿಂದ ಸ್ವಲ್ಪ ದೂರದ ಒಂದು ಹಳ್ಳಿ. ಊರ ಹೆಸರು ಬರೆಯಲ್ಲ, ಯಾಕೆ ಅಂತ ನಿಮಗೆ ಗೊತ್ತಾಗಿರಬೇಕು. ಚಳಿಗಾಲ ಮುಗಿದು ಬಿಸಿಲು ಏರುವ ದಿನಗಳು. ಬೀದರ್‌ನ ಗೆಳೆಯರೊಬ್ಬರು ಮೈಸೂರಿನಿಂದ ಬಂದ ಗಂಡ ಹೆಂಡತಿಯನ್ನೂ ನನ್ನನ್ನೂ ಒಬ್ಬ ವಯಸ್ಸಾದ ಕುರಿಗಾಹಿಯ ಹತ್ತಿರ ಕರ್ಕೊಂಡು ಹೋಗಿದ್ದರು. ಸ್ಯಾಂಡ್‌ಗ್ರೌಸ್ ನೋಡಬೇಕಿತ್ತು. ಪಾರಿವಾಳದಷ್ಟು ದಪ್ಪ, ನೆಲದ ಬಣ್ಣವೇ ಮೈಬಣ್ಣ, ಕಾಲು ಗಿಡ್ಡ. ಹೊಲದಲ್ಲಿ ಕೂತರೆ ಮಣ್ಣಿನ ಹೆಂಟೆಗೂ ಅದಕ್ಕೂ ವ್ಯತ್ಯಾಸ ಕಾಣಲ್ಲ. ಹಳ್ಳ ಒಣಗಿ ಒಂದು ಗುಂಡಿಯಲ್ಲಿ ಮಾತ್ರ ನೀರು ಉಳಿದಿತ್ತು. ನಾವು ಹೋದಾಗ ಅಲ್ಲಿ ಒಂದು ಹಕ್ಕಿಯೂ ಇಲ್ಲ. ಮೈಸೂರಿನವರು ಟ್ರೈಪಾಡ್ ನಿಲ್ಲಿಸೋಕೆ ಶುರು ಮಾಡಿದರು.

"ನಿಂದರಬ್ಯಾಡ್ರಿ ಅಕ್ಕಾರ, ಕುಂದರ್ರಿ," ಅಂದರು ಅಜ್ಜ. "ನಾ ಕುರಿ ಹಿಂದ ನಿಂತ್ರ ಅವಕ್ಕ ಅಂಜಿಕಿ ಇಲ್ಲ. ನೀವು ನಿಂತ್ರ ಅಂಜತಾವ."

ಯಾವಾಗ ಬರುತ್ತವೆ ಅಂತ ಕೇಳಿದೆ. ಅವರು ಕೈ ಎತ್ತಿ ಆಕಾಶದಲ್ಲಿ ಒಂದು ಜಾಗ ತೋರಿಸಿದರು. "ಬಿಸಲು ಅಲ್ಲಿಗಿ ಬರಲಿ." ನಾವು ಬಾರಿ ಗಿಡದ ಬುಡದಲ್ಲಿ ಮುದುಡಿ ಕೂತೆವು. ಮುಳ್ಳು ಶಾಲಿಗೆ ಸಿಕ್ಕಿಕೊಂಡಿತ್ತು. ಬಿಡಿಸ್ಕೊಳ್ಳೋಕೆ ಕೈ ಎತ್ತಿದರೂ ಅಜ್ಜ ಕಣ್ಣು ಬಿಡುತ್ತಿದ್ದರು. ಕುರಿಗಳು ಕುಡಿದು ಆಚೆ ಹೋದವು. ಸೂರ್ಯ ಅಜ್ಜ ತೋರಿಸಿದ ಜಾಗಕ್ಕೆ ಬರುವ ಹೊತ್ತಿಗೆ ಮೇಲಿಂದ ಗಂಟಲೊಳಗಿನ ದನಿಯಲ್ಲಿ ಕುಟ್-ರೋ, ಕುಟ್-ರೋ ಅಂತ ಕೇಳಿಸಿತು. ಮೊನಚು ರೆಕ್ಕೆಯ ಹಕ್ಕಿಗಳ ಗುಂಪು ಒಂದು ಸುತ್ತು ಹಾಕಿತು. ನೇರ ನೀರಿಗೆ ಇಳಿಯಲಿಲ್ಲ. ದೂರದ ನೇಗಿಲು ಹೊಡೆದ ಹೊಲದಲ್ಲಿ ಇಳಿದು ಮಾಯವಾದವು. ಬೈನಾಕ್ಯುಲರ್‌ನಲ್ಲಿ ಎಷ್ಟು ಹುಡುಕಿದರೂ ಬರೀ ಹೆಂಟೆ. ಆಮೇಲೆ ಹೆಂಟೆಗಳೇ ಎದ್ದು ನಡೆದು ಬಂದವು. ಗಿಡ್ಡ ಕಾಲಲ್ಲಿ ಗುಡುಗುಡು ಬಂದು, ಕೊಕ್ಕು ಅದ್ದಿ, ನಾಲ್ಕೈದು ಗುಟುಕು ಕುಡಿದು ಹಾರಿದವು. ಅಷ್ಟು ಹೊತ್ತು ಕಾದಿದ್ದು ಅಷ್ಟು ಕ್ಷಣಕ್ಕೆ.

ಒಂದು ಗಂಡು ಮಾತ್ರ ಹಿಂದೆ ಉಳಿಯಿತು. ಹೊಟ್ಟೆ ಮುಟ್ಟುವಷ್ಟು ನೀರಿಗಿಳಿದು, ಗರಿ ಕೆದರಿಕೊಂಡು, ಮೈಯನ್ನ ಮೇಲೆ ಕೆಳಗೆ ಅಲ್ಲಾಡಿಸುತ್ತಾ ಕೂತಿತ್ತು. ಸ್ನಾನ ಮಾಡುತ್ತಿದೆ ಅಂತ ಮೈಸೂರಿನ ಮೇಡಂ ಪಿಸುಗುಟ್ಟಿದರು. ಅಜ್ಜ ತಲೆ ಅಲ್ಲಾಡಿಸಿದರು. "ಜಳಕ ಅಲ್ರಿ ಅದು. ಮರಿಗಿ ನೀರು ಒಯ್ತದ. ಎದಿಯಾಗ ಹೊತ್ಕೊಂಡು ಒಯ್ತದ್ರಿ."

ಇದು ಪೂರಾ ಸತ್ಯ. ಗಂಡು ಸ್ಯಾಂಡ್‌ಗ್ರೌಸ್‌ನ ಹೊಟ್ಟೆಯ ಗರಿ ನೀರನ್ನ ಹೀರಿ ಹಿಡಿದಿಟ್ಟುಕೊಳ್ಳುವ ರಚನೆಯದು. ಅದು ಹಾರಿ ಹೋಗಿ ನಿಂತರೆ ಮರಿಗಳು ಗರಿಯಿಂದಲೇ ನೀರು ಕುಡಿಯುತ್ತವೆ. ಇಂಗ್ಲೆಂಡಿನ ಮೀಡ್-ವಾಲ್ಡೊ ಅನ್ನುವವರು ಸಾಕಿದ ಹಕ್ಕಿಗಳಲ್ಲಿ ಇದನ್ನ ಕಂಡು 1896ರಲ್ಲಿ ಬರೆದರು. ಪಂಡಿತರು ಬಹಳ ವರ್ಷ ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಎಂಬ ಇಬ್ಬರು ವಿಜ್ಞಾನಿಗಳು ಆಫ್ರಿಕಾದ ಕಲಹರಿಯಲ್ಲಿ ನೋಡಿ, ಅಳೆದು, ಹೌದು ಅಂದ ಮೇಲೆ ಒಪ್ಪಿಕೊಂಡರು. ನಮ್ಮ ಅಜ್ಜನಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ದಿನಾ ಅಲ್ಲೇ ಕುರಿಗೆ ನೀರು ಕುಡಿಸುತ್ತಾರೆ, ಅಷ್ಟೆ.

ಈಗ ಯೋಚನೆ ಮಾಡಿ. ಆ ಗುಂಡಿಯ ಲೊಕೇಶನ್ ನಾನು ಕಳಿಸಿದ್ದರೆ ಏನಾಗುತ್ತಿತ್ತು? ಬೆಳಗ್ಗೆ ಆರಕ್ಕೇ ಬಂದು, ನೀರಿನ ಅಂಚಲ್ಲೇ ಟ್ರೈಪಾಡ್ ನಿಲ್ಲಿಸಿ, ಏನೂ ಇಲ್ಲ ಅಂತ ಎಂಟಕ್ಕೆ ಹೊರಟುಬಿಡುತ್ತಿದ್ದರು. ಇಲ್ಲಾ, ಹಕ್ಕಿ ಬರುವ ಹೊತ್ತಿಗೇ ಅಲ್ಲಿ ನಿಂತು ಅವು ಇಳಿಯದ ಹಾಗೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಉಳಿದಿರೋದೇ ಒಂದು ಗುಂಡಿ ಆದಾಗ ಒಂದು ದಿನ ನೀರು ತಪ್ಪಿದರೂ ಮರಿಗಳ ಗತಿ ಏನು?

ಹ್ಯಾರಿಯರ್ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಸೆಳೆವ ಅಂತಾರೆ. ಕಝಾಕ್‌ಸ್ತಾನದ ಕಡೆಯ ಹುಲ್ಲು ಬಯಲಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಹುಲ್ಲು ಬಯಲಿಗೆ ಬರುವ ಬೇಟೆ ಹಕ್ಕಿ. ನೆಲಕ್ಕೆ ತಾಗಿತೋ ಏನೋ ಅನ್ನುವಷ್ಟು ಕೆಳಗೆ ತೇಲುತ್ತಾ ಮಿಡತೆ, ಓತಿ, ಇಲಿ, ಸಣ್ಣ ಹಕ್ಕಿ ಹಿಡಿಯುತ್ತೆ. ಗಂಡು ಬೂದು ಬಿಳುಪು, ಹೆಣ್ಣು ಕಂದು. ಪ್ಯಾಲಿಡ್, ಮಾಂಟೆಗು ಅಂತ ಎರಡು ಬಗೆ ಇವೆ. ಪ್ಯಾಲಿಡ್ ಹೆಣ್ಣು ಯಾವುದು, ಮಾಂಟೆಗು ಹೆಣ್ಣು ಯಾವುದು ಅಂತ ಹೇಳೋದರಲ್ಲಿ ಒಳ್ಳೊಳ್ಳೆಯವರೇ ಜಗಳ ಆಡುತ್ತಾರೆ. ಹಗಲೆಲ್ಲ ಒಂದೊಂದೇ ಬೇಟೆ ಆಡಿದವು ಸಂಜೆ ಹೊತ್ತಿಗೆ ಒಂದು ಹುಲ್ಲುಗಾವಲಿಗೆ ಸೇರುತ್ತವೆ. ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನೊಳಗೆ ಮಲಗುತ್ತವೆ. ಅಂದರೆ ರಾತ್ರಿ ನರಿ, ತೋಳ, ನಾಯಿ ಯಾವುದು ಬಂದರೂ ಅಪಾಯವೇ. ಅದಕ್ಕೇ ಅವುಗಳಿಗೆ ಒಂದು ಜಾಗದ ಮೇಲೆ ನಂಬಿಕೆ ಬರೋಕೆ ಕಾಲ ಬೇಕು. ನಂಬಿಕೆ ಹೋಗೋಕೆ ಒಂದು ಸಂಜೆ ಸಾಕು.

ಒಮ್ಮೆ ಯಾರೋ ಫೋಟೋಗ್ರಾಫರ್‌ಗಳು ಯಾರೋ ಕಳಿಸಿದ ಲೊಕೇಶನ್ ಹಿಡ್ಕೊಂಡು ಬಂದು, ಬೆಳಕು ಇರುವಾಗಲೇ ಹತ್ತಿರ ಸಿಗಲಿ ಅಂತ ಹುಲ್ಲಿನೊಳಕ್ಕೇ ಗಾಡಿ ಹೊಡೆದಿದ್ದರು. ಮರುದಿನ ನಾವು ಹೋದಾಗ ಚಕ್ರದ ಗುರುತು ಹುಲ್ಲಿನ ನಡುವೆ ನೇರ ಹೋಗಿತ್ತು. ಆ ಸಂಜೆ ಹಕ್ಕಿಗಳು ಮೇಲೆ ಸುತ್ತಿದವೇ ಹೊರತು ಇಳಿಯಲಿಲ್ಲ. ಕತ್ತಲಾಗುವವರೆಗೂ ಸುತ್ತಿ ಬೇರೆ ಕಡೆ ಹೋದವು. ಹೊಲದ ಯಜಮಾನರಿಗೆ ಸಿಟ್ಟು ಬಂದಿದ್ದು ಹಕ್ಕಿಗಾಗಿ ಅಲ್ಲ, ಮೇವಿಗಾಗಿ. ಆ ಹುಲ್ಲು ಅವರ ಎತ್ತುಗಳದ್ದು. ಅದಾದ ಮೇಲೆ ಕ್ಯಾಮೆರಾ ಕಂಡರೆ ಬೈಯೋಕೆ ಶುರು ಮಾಡಿದರು. ನಮ್ಮ ಬೀದರ್ ಗೆಳೆಯರು ಎಷ್ಟೋ ಸಲ ಹೋಗಿ, ಅವರ ಕಟ್ಟೆ ಮೇಲೆ ಕೂತು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಮತ್ತೆ ದಾರಿಗೆ ತರಬೇಕಾಯಿತು. ಊರಿನ ಹಕ್ಕಿಪ್ರಿಯರು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥದ್ದೇ. ಯಾವ ಪಟ್ಟಿಯಲ್ಲೂ ಅದು ಬರಲ್ಲ.

ಇ-ಬರ್ಡ್‌ನವರೇ ಕೆಲವು ಹಕ್ಕಿಗಳ ಜಾಗ ಮುಚ್ಚಿಡುತ್ತಾರೆ. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅವುಗಳಲ್ಲಿ ಒಂದು. ಕರ್ನಾಟಕದಲ್ಲಿ ಈಗ ಅದು ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ. ಅದರ ಜಾಗ ಮುಚ್ಚಿಟ್ಟರೆ ಯಾರೂ ತಪ್ಪು ಅನ್ನಲ್ಲ. ಹ್ಯಾರಿಯರ್ ಮಲಗುವ ಜಾಗದ ವಿಷಯದಲ್ಲೂ ಅಷ್ಟೇ ಬಿಗಿ ಇರಬೇಕು ಅನ್ನೋದು ನನ್ನ ವಾದ.

ಇದು ಬರೀ ನಮ್ಮ ಕಡೆಯ ಗೋಳು ಅಂತ ಅಂದ್ಕೊಂಡಿದ್ದೆ. ನನ್ನ ತಂಗಿಯ ಮಗ ಅಮೆರಿಕದ ಒಮಾಹಾದಲ್ಲಿದ್ದಾನೆ. ಅವನಿಗೂ ಹಕ್ಕಿ ಹುಚ್ಚು ನಾನೇ ಹತ್ತಿಸಿದ್ದು. ಅಲ್ಲಿ ಪ್ಲ್ಯಾಟ್ ನದಿಗೆ ಮಾರ್ಚ್‌ನಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಅನ್ನೋ ದೊಡ್ಡ ಹಕ್ಕಿಗಳು ಲಕ್ಷಗಟ್ಟಲೆ ಇಳಿಯುತ್ತವೆ. ನೋಡಬೇಕಂದರೆ ಮೊದಲೇ ಬುಕ್ ಮಾಡಿ, ಕತ್ತಲಿರುವಾಗಲೇ ಸ್ಥಳೀಯ ಗೈಡ್ ಹಿಂದೆ ಸದ್ದಿಲ್ಲದೆ ನಡೆದು ಮರದ ಗುಡಿಸಲಿನಂಥ ಮರೆಯಲ್ಲಿ ಕೂರಬೇಕು. ಇನ್ನೊಂದು ಹಕ್ಕಿ ಪ್ರೇರಿ ಚಿಕನ್. ವಸಂತದಲ್ಲಿ ಅದರ ಗಂಡುಗಳು ಬಯಲಿನ ಒಂದು ಜಾಗದಲ್ಲಿ ಸೇರಿ, ಕುತ್ತಿಗೆಯ ಕಿತ್ತಳೆ ಚೀಲ ಉಬ್ಬಿಸಿ ಕುಣಿಯುತ್ತವೆ. ಎಷ್ಟೋ ಕಡೆ ಆ ಜಾಗ ಖಾಸಗಿ ಜಮೀನು, ದನ ಸಾಕುವವರದು. ಅವರೇ ಮರೆ ಕಟ್ಟಿ, ದುಡ್ಡು ತಗೊಂಡು, ಜನರನ್ನ ಕರ್ಕೊಂಡು ಹೋಗುತ್ತಾರೆ. ಹಕ್ಕಿಗಳು ಎದ್ದು ಹೋಗುವವರೆಗೆ ಯಾರೂ ಹೊರಗೆ ಬರೋ ಹಾಗಿಲ್ಲ. ಚಳಿಯಲ್ಲಿ ಕಾಲು ಮರಗಟ್ಟಿತ್ತು ಅಂತ ಫೋನಲ್ಲಿ ಗೋಳಾಡಿದ. ಒಳ್ಳೇದಾಯ್ತು ಅಂದೆ. ಆ ಜಮೀನಿನವರಿಗೆ ಹುಲ್ಲು ಉಳಿಸಿಕೊಂಡರೆ ನಾಲ್ಕು ಕಾಸು ಬರುತ್ತೆ. ನಮ್ಮ ರೈತರಿಗೆ ಹುಲ್ಲು ಉಳಿಸಿದ್ದಕ್ಕೆ ಸಿಗೋದು ಚಕ್ರದ ಗುರುತು.

ದುಡ್ಡಿನ ಮಾತು ಬಂತಲ್ಲ, ಸ್ವಲ್ಪ ನೇರವಾಗಿ ಹೇಳಿಬಿಡುತ್ತೇನೆ. ಲೆನ್ಸಿಗೆ ಲಕ್ಷ ಸುರಿದವರು ಕುರಿಗಾಹಿಗೆ ಕೊಡುವಾಗ ಜೇಬಿನಲ್ಲಿ ಚಿಲ್ಲರೆ ಹುಡುಕೋದನ್ನ ನೋಡಿದ್ದೇನೆ. ಅವರು ಬೆಳಗ್ಗೆ ಪೂರ್ತಿ ನಿಮ್ಮ ಜೊತೆ ಕೂತಿದ್ದರೆ ಒಂದು ದಿನದ ಕೂಲಿಗಿಂತ ಕಡಿಮೆ ಕೊಡೋದು ಅವಮಾನ. ಎಷ್ಟು ಅಂತ ಜೊತೆಗೆ ಬಂದ ಸ್ಥಳೀಯರನ್ನ ಮೊದಲೇ ಕೇಳಿ. ಕೊಡುವಾಗ ಫೋಟೋ ಬೇಡ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: "ಹಕ್ಕಿ ತೋರಿಸಿದರೆ ಇಷ್ಟು" ಅಂತ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ಕಲ್ಲು ಎಸೆದಾದರೂ ಹಕ್ಕಿ ಎಬ್ಬಿಸಿ ತೋರಿಸುವ ಆಸೆ ಬರುತ್ತೆ. ಅದು ಅವರ ತಪ್ಪಲ್ಲ, ನೀವು ಇಟ್ಟ ಬೆಲೆಯ ತಪ್ಪು. ಅವರ ಸಮಯಕ್ಕೆ ಕೊಡಿ. ಹಕ್ಕಿ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಪಟ್ಟಣದ ಹಕ್ಕಿಪ್ರಿಯರು ಎಷ್ಟೋ ಜನ ದುಡ್ಡು ಮುಟ್ಟಲ್ಲ. ಪೆಟ್ರೋಲ್ ನಿಮ್ಮದೇ ಇರಲಿ, ನಾಷ್ಟಾ ನಿಮ್ಮದೇ ಇರಲಿ. ಕಲಬುರಗಿಯಲ್ಲಿ ಇಳಿದರೆ ಬೆಳಗ್ಗೆ ಸುಸಲಾ, ಮಿರ್ಚಿ ಭಜಿ ತಿಂದೇ ಹೊರಡೋದು. ಅದರಲ್ಲಿ ನಾನು ರಾಜಿ ಮಾಡ್ಕೊಳ್ಳಲ್ಲ. ಆದರೆ ಇದನ್ನೇ ಹೊಟ್ಟೆಪಾಡು ಮಾಡ್ಕೊಬೇಕು ಅಂತ ಓಡಾಡುವ ಹುಡುಗರೂ ಈಗ ಬರ್ತಾ ಇದ್ದಾರೆ. ಅವರ ಹತ್ತಿರ ಚೌಕಾಸಿ ಮಾಡಬೇಡಿ. ಅವರು ನಿಂತರೆ ಬಯಲಿಗೆ ಒಬ್ಬ ಕಾವಲುಗಾರ ಸಿಕ್ಕ ಹಾಗೆ.

ಹೆಣ್ಣುಮಕ್ಕಳು ಒಬ್ಬರೇ ಬರಬಹುದಾ ಅಂತ ಕೇಳುತ್ತಾರೆ. ಬರಬಹುದು. ಆದರೆ ಬಯಲಲ್ಲಿ ಒಬ್ಬರೇ ತಿರುಗಬೇಡಿ. ಭಯ ಜನರದ್ದಲ್ಲ, ಕುರಿ ನಾಯಿಗಳದ್ದು. ತೋಳದ ಜೊತೆ ಕಾದಾಡಿ ಅಭ್ಯಾಸ ಇರುವ ನಾಯಿಗೆ ನಿಮ್ಮ ಟೋಪಿ ಯಾವ ಲೆಕ್ಕ? ದೂರದಿಂದಲೇ ಕುರಿಗಾಹಿಯನ್ನ ಕೂಗಿ, ಅವರು ನಾಯಿ ಕರೆದ ಮೇಲೆ ಹೋಗಿ. ಕನ್ನಡ ಬಂದರೆ ಸಾಕು. ಕೆಲವು ಕಡೆ ದಖ್ಖನಿ ಉರ್ದು, ಗಡಿಯಲ್ಲಿ ಮರಾಠಿ, ತೆಲುಗು, ತಾಂಡಾಗಳಲ್ಲಿ ಲಂಬಾಣಿ. ನಾಲ್ಕು ಮಾತು ಜೊತೆಗೆ ಬಂದವರು ಆಡುತ್ತಾರೆ.

ಜನರನ್ನ ಕಾಣೋಕೆ ನಮ್ಮ ಕಡೆ ಒಂದು ವಿಶೇಷ ದಿನ ಇದೆ, ಎಳ್ಳಮಾಸಿ. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಬರುವ ಅಮಾವಾಸ್ಯೆ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತೆ. ಬಿಳಿ ಜೋಳ, ಕಡಲೆ ನಿಂತ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ ಊಟ. ಹಕ್ಕಿ ನೋಡೋಕೆ ಅದು ಕೆಟ್ಟ ದಿನ. ಮಕ್ಕಳ ಗಲಾಟೆಗೆ ಒಂದೂ ನಿಲ್ಲಲ್ಲ. ಆದರೆ ಆ ದಿನ ದಾರಿಯಲ್ಲಿ ಹೋಗುವವರನ್ನ ಉಣ್ಣದೆ ಬಿಡಲ್ಲ. ಯಾರ ಹೊಲ, ಯಾರ ಬೀಳು, ಗುಲಾಬಿ ಕಬ್ಬಕ್ಕಿಗಳು ಯಾರ ಜೋಳಕ್ಕೆ ಮುತ್ತಿಗೆ ಹಾಕಿವೆ ಅನ್ನೋದೆಲ್ಲ ಒಂದೇ ಪಂಕ್ತಿಯಲ್ಲಿ ಗೊತ್ತಾಗುತ್ತೆ. ಕವಣೆ ಬೀಸಿ ತೋಳು ನೋವು ಬಂದವರ ಎದುರು ಆ ಹಕ್ಕಿ ಎಷ್ಟು ಚಂದ ಅಂತ ವರ್ಣನೆ ಮಾತ್ರ ಮಾಡಬೇಡಿ. ಅದು ಮಿಡತೆಯನ್ನೂ ತಿನ್ನುತ್ತೆ ಅಂತ ನಾನು ಒಬ್ಬರಿಗೆ ಹೇಳಿದೆ. "ತಿನ್ಲಿ ಬಿಡ್ರಿ ಟೀಚರ್, ಮದಲ ಮಿಡತಿ ತಿಂದು ಆಮ್ಯಾಲ ಜ್ವಾಳ ತಿನ್ನಂತ ಹೇಳ್ರಿ ಅವಕ್ಕ," ಅಂದರು.

ಯಾದಗಿರಿ ಕಡೆ ಹೋಗುವವರಿಗೆ ಸುರಪುರ ತಾಲೂಕಿನ ಬೋನಾಳ ಕೆರೆ. ಸುರಪುರದ ನಾಯಕ ಅರಸರ ಕಾಲದ ಕೆರೆ. ಮುಂದೆ ಅಲ್ಲಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನ ಬೆಳೆಸಿದ ಅಂತಾರೆ. ಅದು ಹುಲ್ಲುಗಾವಲಲ್ಲ, ನೀರಿನ ಹಕ್ಕಿಗಳ ಜಾಗ, ಕಷ್ಟವೂ ಕಡಿಮೆ. ಅಲ್ಲಿಯ ವಾಚರ್‌ಗಳು, ಮೀನುಗಾರರು ಸಾಕು. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಬಂದವರಿಂದ ನಮಗೆ ಏನು ಬೇಕು ಅಂತ ಕೆಲವರು ಕೇಳುತ್ತಾರೆ. ಕೇಳಿದ್ದೇ ಖುಷಿ. ನೋಡಿದ್ದನ್ನ ಪಟ್ಟಿ ಮಾಡಿ ಹಾಕಿ, ಅಷ್ಟೆ. ಗುಬ್ಬಿ, ಕಾಗೆ, ಟಿಟ್ಟಿಭ ಎಲ್ಲವನ್ನೂ ಎಣಿಸಿ ಹಾಕಿ. ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿ 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ನಮ್ಮ ಜಿಲ್ಲೆಗಳೂ ನಿಜಾಮರ ಕೈಯಲ್ಲಿದ್ದವು. ಅಂಥ ಹಳೆಯ ದಾಖಲೆ ಪಕ್ಕ ಇಡೋಕೆ ನಮ್ಮ ಹತ್ತಿರ ಇರೋದು ಮೇಷ್ಟ್ರುಗಳು, ಕಾಲೇಜು ಹುಡುಗರು, ಬಂದು ಹೋದವರು ಹಾಕಿದ ಪಟ್ಟಿಗಳು. ಈ ಬಯಲಿನಲ್ಲಿ ಏನೂ ಇಲ್ಲ ಅಂತ ಯಾರಾದರೂ ಫೈಲ್ ತಂದಾಗ ತೆಗೆದು ತೋರಿಸೋಕೆ ಅವೇ ಆಗೋದು. ಹ್ಯಾರಿಯರ್ ಮಲಗುವ ಜಾಗದ ಪಟ್ಟಿಯನ್ನ ಮಾತ್ರ ಮರೆಮಾಡಿ, ಇಲ್ಲಾ ಸ್ಥಳೀಯರನ್ನ ಕೇಳಿ ಹಾಕಿ. ಜೊತೆಗೆ ಬಂದವರ ಹೆಸರನ್ನ ಪಟ್ಟಿಗೆ ಸೇರಿಸಿ. ಫೋಟೋಗೆ ಬಹುಮಾನ ಬಂದಾಗ "ಬೀದರ್‌ನಲ್ಲಿ ತೆಗೆದದ್ದು" ಅಂತ ಹಾಕಿ ಸುಮ್ಮನಾಗುವವರನ್ನ ನಮ್ಮ ಗೆಳೆಯರು ಎರಡನೇ ಸಲ ಕರ್ಕೊಂಡು ಹೋಗಲ್ಲ. ಅದು ಹೊಟ್ಟೆಕಿಚ್ಚು ಅಂದರೂ ಪರವಾಗಿಲ್ಲ.

ಮೈಸೂರಿನ ಆ ದಂಪತಿ ಸ್ಯಾಂಡ್‌ಗ್ರೌಸ್ ಫೋಟೋಗಿಂತ ಅಜ್ಜನ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಳಿಸಿದರು. ಅಜ್ಜನಿಗೆ ಅದರಲ್ಲಿ ತಲೆಯ ಪಟಕಾ ಸರಿ ಬಂದಿಲ್ಲ ಅಂತ ಬೇಜಾರು. ಮುಂದಿನ ಸಲ ಬಂದಾಗ ಬೇರೆ ತೆಗೀಬೇಕಂತೆ.

ಬರುವ ಕಾಲ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಬೀದರ್‌ಗೆ ಈಗ ಕಲಬುರಗಿಯಿಂದ ರೈಲೂ ಇದೆ, 2017ರಿಂದ. ಮೇ ತಿಂಗಳಲ್ಲಿ ನಾನಾಗಿ ಯಾರನ್ನೂ ಕರೆಯಲ್ಲ. ಕಲಬುರಗಿ ಬಿಸಿಲು ಹೇಗೆ ಅಂತ ಗೊತ್ತಲ್ವಾ. ಆದರೆ ಹಳದಿ ಟಿಟ್ಟಿಭ ಬರೀ ನೆಲದ ಮೇಲೆ, ಕಲ್ಲಿನ ನಡುವೆ ಕಲ್ಲಿನಂಥದ್ದೇ ಮೊಟ್ಟೆ ಇಟ್ಟು, ಬಿಸಿಲಿಗೆ ಅದರ ಮೇಲೆ ನೆರಳು ಮಾಡ್ಕೊಂಡು ನಿಲ್ಲೋದನ್ನ ನೋಡಬೇಕು ಅಂದರೆ ಆಗಲೇ ಬರಬೇಕು. ಬರ್ತೀರಾದರೆ ಒಬ್ಬರೋ ಇಬ್ಬರೋ ಬನ್ನಿ. ದೂರದಿಂದ ನೋಡಿ, ಎಂಟರೊಳಗೆ ಮುಗಿಸಿ ಹೊರಡೋದು. ಹೆಜ್ಜೆ ಇಡುವಾಗ ನೆಲ ನೋಡ್ಕೊಂಡು ಇಡಿ. ಮತ್ತೆ ನೀರಿನ ಬಾಟಲಿ ಜಾಸ್ತಿ ತನ್ನಿ, ಅಜ್ಜನಿಗೂ ಸೇರಿಸಿ.